ಎನ್ಸ್‌ಕೆಡೆಯ ಕೆಂಡ ಕಾದ ಅಜ್ಜ

೨೦೨೧ರ ಫೆಬ್ರವರಿಯ ಒಂದು ಬೆಳಿಗ್ಗೆ, ಏಳು ಗಂಟೆ ಹತ್ತು ನಿಮಿಷಕ್ಕೆ, ಮೆಹ್ರದಾದ್ ಅಜ್ಜ ಕೊರೊನಾ ಜ್ವರದಲ್ಲಿ ಮಹಡಿಯ ಕೋಣೆಯಲ್ಲಿ ಮಲಗಿಕೊಂಡೇ ಫೋನಿನ ಪರದೆಯಲ್ಲಿ ಕೆಳಗಿನ ಬೆಂಕಿಯನ್ನು ನೋಡುತ್ತಿದ್ದರು.

ಬಟ್ಟೆ ಗಿರಣಿಯಿಂದ ನಿವೃತ್ತರಾದ ಅವರು ನೆದರ್ಲೆಂಡ್ಸ್‌ನ ಎನ್ಸ್‌ಕೆಡೆ ಊರಿನ ಪರ್ಷಿಯನ್ನರ ಅಗ್ನಿಗೃಹವನ್ನು ನೋಡಿಕೊಳ್ಳುತ್ತಿದ್ದರು. ಅದರ ಮೇಲಿನ ಕೋಣೆಗಳನ್ನು ನಮ್ಮಂಥ ಕರ್ನಾಟಕದ ವಿದ್ಯಾರ್ಥಿಗಳಿಗೆ ಬಾಡಿಗೆಗೆ ಕೊಟ್ಟು ಕೊಟ್ಟು ಕನ್ನಡವನ್ನೂ ಕಲಿತಿದ್ದರು. ನಹಾವಂದದ ಯುದ್ಧದಲ್ಲಿ ಅರಬ್ ಸೇನೆ ಸೋತು ಹಿಂದಿರುಗಿ ಪರ್ಷಿಯನ್ ಸಾಮ್ರಾಜ್ಯ ಉಳಿದುಕೊಂಡ ವರ್ಷ, ಅಂದರೆ ಕ್ರಿ.ಶ. ೬೪೨ರಲ್ಲಿ, ಪರ್ಷಿಯಾದಲ್ಲಿ ಹೊತ್ತಿಸಿದ ಬೆಂಕಿಯಿಂದ ಇಲ್ಲಿಗೆ ಕೆಂಡ ತಂದಿದ್ದರು. ಅದು ಒಮ್ಮೆಯೂ ಆರಿರಲಿಲ್ಲ. ಆಗ ಆ ಸಾಮ್ರಾಜ್ಯದಿಂದ ವಿಮಾನಗಳು ನಿಂತಿದ್ದರಿಂದ ಬೇರೆ ಅರ್ಚಕರು ಬರುವಂತಿರಲಿಲ್ಲ. ಕಟ್ಟಿಗೆ ಇಡುವ ಕೆಲಸವನ್ನು ಅಜ್ಜ ನನಗೂ ಗೆಳೆಯ ಚಿನ್ಮಯನಿಗೂ ಒಪ್ಪಿಸಿದ್ದರು.

ಅಂದು ಕೆಂಡ ಬೂದಿಯೊಳಗೆ ಮಂಕಾಗಿತ್ತು. ಚಿನ್ಮಯ ಊರಿನ ಒಲೆಯ ಅಭ್ಯಾಸದಂತೆ ಮಾಸ್ಕ್ ಕೆಳಗೆಳೆದು ಊದಲು ಬಗ್ಗಿದ.

“ಊದಬೇಡ್ವೋ! ಬೆಂಕಿಗೆ ಉಸಿರು ತಾಗಬಾರ್ದು!” ಫೋನಿನಿಂದ ಅಜ್ಜ ಕೂಗಿದರು. “ಇಡೀ ನೆದರ್ಲೆಂಡ್ಸ್ ಮಾಸ್ಕ್ ಹಾಕ್ಕೊಂಡಿದೆ, ನೀನು ಇಲ್ಲೇ ತೆಗೀಬೇಕಾ?”

ನಾನು ಕೈಗೆ ಸಿಕ್ಕ ರಟ್ಟಿನಿಂದ ಮೆಲ್ಲಗೆ ಬೀಸಿದೆ. ಗಂಧದ ಚಕ್ಕೆ ಹೊಗೆಯಾಡಿ ಉರಿ ಎದ್ದಿತು. ಈಗ ಬೆಸ್ಟ್ ಎಂಬ ಊರಿನ ನನ್ನ ಮನೆಯಲ್ಲಿ ಹೀಟರ್ ಹಾಕುವಾಗಲೂ ನನಗೆ ಆ ವಾಸನೆ ನೆನಪಾಗುತ್ತದೆ.

“ಆರೋಗಿದ್ರೆ ಏನ್ಮಾಡ್ತಿದ್ರಿ ಅಜ್ಜ?” ಚಿನ್ಮಯ ಕೇಳಿದ.

“ಹೊಸದು ಹಚ್ತಿದ್ದೆ. ಆದ್ರೆ ಅದರ ವಯಸ್ಸು ಮತ್ತೆ ಸೊನ್ನೆಯಿಂದ ಎಣಿಸಬೇಕಿತ್ತಲ್ಲೋ.”

“ಈಗ ಎಷ್ಟು ವರ್ಷ ಅದಕ್ಕೆ?”

ಕೆಮ್ಮು ನಿಂತ ಮೇಲೆ ಅಜ್ಜ ಹೇಳಿದರು: “ಸಾವಿರದ ಮುನ್ನೂರ ಎಪ್ಪತ್ತೊಂಬತ್ತು.”