ಬಲತೋಳು ಕಾಲು ಇಂಚು ಉದ್ದ

ತನ್ನ ಗಂಡನಿಗೆ ವಯಸ್ಸಾಗುತ್ತಿಲ್ಲ ಎಂಬುದು ಟೈಲರಮ್ಮನಿಗೆ ಗೊತ್ತಾಗಿ ಇಪ್ಪತ್ತಾರು ವರ್ಷವಾಗಿತ್ತು. ಅವಳಿಗೆ ಗೊತ್ತು ಎಂಬುದು ಮಾತ್ರ ಆ ಪುಣ್ಯಾತ್ಮನಿಗೆ ಗೊತ್ತಿರಲಿಲ್ಲ.

ಬೀದಿ ತಿರುಗುವ ಮೂಲೆಯಲ್ಲಿ ಅವರ ಅಂಗಡಿ. ಇರುವುದೊಂದೇ ಕೋಣೆ, ನಡುವೆ ಎದೆಮಟ್ಟದ ಪ್ಲೈವುಡ್ಡು. ಈ ಕಡೆ ಇವಳ ಹೊಲಿಗೆ ಮೆಷಿನ್ನು, ಬಟ್ಟೆ ಕತ್ತರಿಸುವ ಉದ್ದನೆಯ ಮೇಜು. ಆ ಕಡೆ ಅವನ ಬೀಗ ರಿಪೇರಿ. ಮೇಲೆ ಎರಡು ಕೋಣೆಯ ಮನೆ. ಮಕ್ಕಳಾಗಲಿಲ್ಲ. ಬೀದಿಯ ಜನ ಅವನನ್ನು ಮೊದಲು ಬೀಗದಣ್ಣ ಎನ್ನುತ್ತಿದ್ದರು, ಆಮೇಲೆ ಬೀಗದ ಮಾವ ಎಂದರು, ಈಗ ಹತ್ತು ವರ್ಷದಿಂದ ಬೀಗದಜ್ಜ. ಹೆಸರಿಗೆ ವಯಸ್ಸಾಗಿತ್ತು, ಅವನಿಗಾಗಿರಲಿಲ್ಲ.

ಹೊಲಿಯುವವರ ಮುಂದೆ ಯಾರ ಗುಟ್ಟೂ ನಿಲ್ಲುವುದಿಲ್ಲ. ಮೂವತ್ತು ದಾಟಿದ ಗಂಡಸಿನ ಸೊಂಟ ಎರಡು ವರ್ಷಕ್ಕೆ ಅರ್ಧ ಇಂಚಿನ ಲೆಕ್ಕದಲ್ಲಿ ಬೆಳೆಯುತ್ತದೆ. ಕೂತು ಬರೆಯುವವರ ಭುಜ ಮುಂದಕ್ಕೆ ಜಾರುತ್ತದೆ, ಚೀಲ ಹೊರುವವರ ಒಂದು ಭುಜ ಇಳಿಯುತ್ತದೆ. ಗಿರಾಕಿಗಳು ಹೊಟ್ಟೆ ಒಳಗೆಳೆದುಕೊಂಡು ನಿಂತು, ‘ಹಳೇ ಅಳತೇನೇ ಹಾಕಿ’ ಎನ್ನುತ್ತಾರೆ. ಟೈಲರಮ್ಮ ಬಾಯಲ್ಲಿ ‘ಆಯ್ತು’ ಎಂದು, ಪುಸ್ತಕದಲ್ಲಿ ಒಂದು ಇಂಚು ಸೇರಿಸಿ ಬರೆದುಕೊಳ್ಳುತ್ತಿದ್ದಳು. ಆಮೇಲೆ ಅವರು ಬಟ್ಟೆ ಹಾಕಿಕೊಂಡು, ‘ನೋಡಿ, ನಾನು ಹೇಳಲಿಲ್ವಾ’ ಎಂದು ಖುಷಿಯಾಗಿ ಹೋಗುತ್ತಿದ್ದರು.

ಗಂಡನಿಗೆ ಮಾತ್ರ ನಿಜವಾಗಿಯೂ ಹಳೇ ಅಳತೆಯೇ. ಮದುವೆಯಾದ ವರ್ಷ ಟೇಪು ಹಿಡಿದು ಬರೆದದ್ದು: ಭುಜ ಹದಿನೇಳೂಕಾಲು, ಎದೆ ಮೂವತ್ತೆಂಟು, ಸೊಂಟ ಮೂವತ್ತೊಂದೂವರೆ, ಎಡತೋಳು ಇಪ್ಪತ್ನಾಲ್ಕು, ಬಲತೋಳು ಅದಕ್ಕಿಂತ ಕಾಲು ಇಂಚು ಉದ್ದ. ಹನ್ನೆರಡು ವರ್ಷವಾದ ಮೇಲೆ ಒಂದು ಕೋಟು ಹೊಲಿಯಲೆಂದು ಮತ್ತೆ ಅಳೆದಳು. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಟೇಪು ಹಿಗ್ಗಿದೆಯೇನೋ ಎಂದು ಹೊಸದು ತಂದಳು. ಹೊಸದೂ ಅದನ್ನೇ ಹೇಳಿತು. ಅದಾಗಿ ಕೆಲವೇ ದಿನಕ್ಕೆ ಅವನ ಕಿವಿಯ ಹತ್ತಿರ ನಾಲ್ಕು ನರೆಕೂದಲು ಕಾಣಿಸಿಕೊಂಡವು. ಸಂಜೆ ಅವನ ಶರ್ಟು ಒಗೆಯುವಾಗ ಆ ನರೆ ಬಣ್ಣವಾಗಿ ಕಾಲರಿನಿಂದ ಬಿಟ್ಟು ನೀರಿನಲ್ಲಿ ಬೆಳ್ಳಗೆ ತೇಲಿತು.

ಅವಳು ಬಚ್ಚಲಲ್ಲಿ ಕೂತು ತುಂಬ ಹೊತ್ತು ಯೋಚಿಸಿದಳು. ಗಂಡ ದೆವ್ವವೋ ಭೂತವೋ ಎಂಬ ಹೆದರಿಕೆ ಐದು ನಿಮಿಷವೂ ನಿಲ್ಲಲಿಲ್ಲ. ಹನ್ನೆರಡು ವರ್ಷದಿಂದ ಅವನ ಗೊರಕೆ ಕೇಳಿದ್ದಳು, ಅವನ ಒದ್ದೆ ಟವೆಲನ್ನು ಮಂಚದಿಂದ ಎತ್ತಿ ಹಾಕಿದ್ದಳು. ಹುಟ್ಟಿದ ಹೆದರಿಕೆ ಬೇರೆಯೇ. ಇಷ್ಟು ಕಷ್ಟಪಟ್ಟು ಮುಚ್ಚಿಡುವ ಮನುಷ್ಯ, ಮುಚ್ಚಿಟ್ಟದ್ದು ಬಯಲಾದರೆ ಎದ್ದು ಹೋಗುತ್ತಾನೆ. ಅವನು ಹೋಗುವುದು ಅವಳಿಗೆ ಬೇಕಿರಲಿಲ್ಲ. ಅವನೆಂದರೆ ಅವಳಿಗೆ ಪ್ರಾಣ, ಅದನ್ನು ಸುತ್ತಿಬಳಸಿ ಹೇಳುವುದೇನಿದೆ. ಹಾಗಾಗಿ ತುಟಿ ಎರಡು ಮಾಡದೆ ಎದ್ದು ಶರ್ಟು ಹಿಂಡಿ ಒಣಹಾಕಿದಳು.

ಅಲ್ಲಿಂದ ಮುಂದೆ ಅವನು ವಯಸ್ಸಾದವನಂತೆ ನಟಿಸತೊಡಗಿದ. ನಟನೆ ಎಂದರೆ ಅಷ್ಟಕ್ಕಷ್ಟೆ. ಸಾದಾ ಗಾಜಿನ ಕನ್ನಡಕ ಹಾಕಿಕೊಂಡ, ಅದನ್ನು ತೆಗೆದಿಟ್ಟು ಸಾಸಿವೆಯಷ್ಟು ತಿರುಪಿಗೆ ಗುರಿಯಿಟ್ಟು ಕೆಲಸ ಮಾಡುತ್ತಿದ್ದ. ಕೋಲು ಹಿಡಿದು ಕುಂಟತೊಡಗಿದ, ಯಾವ ಕಾಲು ಎಂಬುದನ್ನೇ ಮರೆಯುತ್ತಿದ್ದ.

“ನಿನ್ನೆ ಎಡಗಾಲು ನೋಯ್ತಿತ್ತು ಅಂದ್ರಲ್ಲ?” ಎಂದು ಟೈಲರಮ್ಮ ಮೆಷಿನ್ನಿನಿಂದ ತಲೆ ಎತ್ತದೆ ಕೇಳಿದರೆ, “ಹೌದು ಕಣೇ, ಈ ವಾಯು ಅನ್ನೋದು ಒಂದು ಕಡೆ ನಿಲ್ಲಲ್ಲ” ಎಂದು ಕೋಲನ್ನು ಇನ್ನೊಂದು ಕೈಗೆ ಬದಲಾಯಿಸುತ್ತಿದ್ದ.

ಇವನ ನಟನೆಯನ್ನೇ ನೆಚ್ಚಿಕೊಂಡರೆ ಕೆಟ್ಟೆ ಎಂದು ಅವಳು ತನ್ನ ಕತ್ತರಿ ತೆಗೆದುಕೊಂಡಳು. ಎರಡು ವರ್ಷಕ್ಕೊಮ್ಮೆ ಅವನ ಶರ್ಟಿನ ಬೆನ್ನು ಒಂದು ನೂಲು, ಅಂದರೆ ಇಂಚಿನ ಎಂಟನೇ ಒಂದು ಪಾಲು ಉದ್ದ, ಎದೆಯ ಭಾಗ ಒಂದು ನೂಲು ಗಿಡ್ಡ. ಹಾಗೆ ಕತ್ತರಿಸಿದ ಬಟ್ಟೆ ನೆಟ್ಟಗೆ ನಿಂತವನನ್ನೂ ಸ್ವಲ್ಪ ಬಾಗಿದವನಂತೆ ತೋರಿಸುತ್ತದೆ. ಭುಜದ ಹೊಲಿಗೆಯನ್ನು ಕೆಳಕ್ಕಿಳಿಸಿದಳು. ಕಾಲರನ್ನು ಸಡಿಲ ಬಿಟ್ಟು ಕುತ್ತಿಗೆ ಸೊರಗಿದಂತೆ ಮಾಡಿದಳು. ಪ್ಯಾಂಟಿನ ಹಿಂಭಾಗ ಜೋಲುವಂತೆ ಬಿಟ್ಟಳು. ಬೀದಿಯವರು, “ಬೀಗದಜ್ಜ ಇಳಿದುಹೋದ್ರು ಪಾಪ” ಎಂದಾಗ ಅವನು ತನ್ನ ಅಭಿನಯವನ್ನು ತಾನೇ ಮೆಚ್ಚಿಕೊಂಡು ಕೆಮ್ಮುತ್ತಿದ್ದ. ಅವಳು ಹಲ್ಲಿನಿಂದ ದಾರ ಕಡಿಯುತ್ತ ನಗು ನುಂಗುತ್ತಿದ್ದಳು. ಆ ವರ್ಷಗಳು ಚೆನ್ನಾಗಿದ್ದವು.

ಅರವತ್ತಾರಕ್ಕೆ ಅವಳ ಎದೆ ಕೈಕೊಟ್ಟಿತು. ಮೆಟ್ಟಿಲು ಹತ್ತಿದರೆ ಉಸಿರು ಸಿಗುತ್ತಿರಲಿಲ್ಲ. ಹೃದಯದ ಕವಾಟ ಸವೆದಿದೆ, ಆಪರೇಷನ್ ತಡೆದುಕೊಳ್ಳುವ ಶಕ್ತಿ ಮೈಗಿಲ್ಲ, ಮಾತ್ರೆಯಲ್ಲಿ ಒಂದು ವರ್ಷ ದೂಡಬಹುದು, ಅದೃಷ್ಟವಿದ್ದರೆ ಇನ್ನೊಂದು ಎಂದು ಡಾಕ್ಟರು ಹೇಳಿದರು. ಅವಳು ಬಂದು ಗಂಡನಿಗೆ ಇದ್ದದ್ದು ಇದ್ದಂತೆ ಹೇಳಿದಳು. ಅವನು ಕೈಯಲ್ಲಿದ್ದ ಕೀಲಿಯನ್ನು ಅರದಿಂದ ಉಜ್ಜುತ್ತ ಉಜ್ಜುತ್ತ ಹಾಳುಮಾಡಿದ.

ಅದೇ ವಾರ ಅವನು ಬಟ್ಟೆಯ ಕಟ್ಟೊಂದನ್ನು ತಂದು ಅವಳ ಮೇಜಿನ ಮೇಲಿಟ್ಟ.

“ಸ್ನೇಹಿತನ ಮಗನಿಗೆ. ಎರಡು ಪ್ಯಾಂಟು, ಮೂರು ಶರ್ಟು. ಹುಡುಗನಿಗೆ ದೂರದ ಊರಲ್ಲಿ ಕೆಲಸ ಸಿಕ್ಕಿದೆಯಂತೆ. ಅಳತೆ ಬರೆಸ್ಕೊಂಡು ಬಂದಿದೀನಿ.”

ಅವಳು ಚೀಟಿ ಬಿಚ್ಚಿದಳು. ಭುಜ ಹದಿನೇಳೂಕಾಲು, ಎದೆ ಮೂವತ್ತೆಂಟು, ಸೊಂಟ ಮೂವತ್ತೊಂದೂವರೆ. ಎಡತೋಳು ಇಪ್ಪತ್ನಾಲ್ಕು, ಬಲತೋಳು ಇಪ್ಪತ್ನಾಲ್ಕೂಕಾಲು. ಲೋಕದಲ್ಲಿ ಯಾರೂ ಎರಡು ತೋಳಿನ ಅಳತೆಯನ್ನು ಬೇರೆ ಬೇರೆ ಬರೆಯುವುದಿಲ್ಲ. ಟೈಲರಮ್ಮನೂ ಬರೆಯುತ್ತಿರಲಿಲ್ಲ, ಇವನೊಬ್ಬನಿಗೆ ಬಿಟ್ಟು. ಮೊದಲ ವರ್ಷ ಅವಳು ಒಂದೊಂದೇ ಅಳತೆ ಕೂಗಿದ್ದನ್ನು ಕೇಳಿದ್ದ ಮಹಾನುಭಾವ, ಎಲ್ಲರ ಅಳತೆಯನ್ನೂ ಹೀಗೇ ಬರೆಯುತ್ತಾರೆ ಎಂದು ಇಷ್ಟು ಕಾಲ ತಿಳಿದುಕೊಂಡಿದ್ದ.

“ಯಾವಾಗ ಬೇಕು?” ಎಂದಳು. ಇದು ಅವನೇ ಹೊರಟುಹೋಗಲು ಹೊಲಿಸಿಕೊಳ್ಳುತ್ತಿರುವ ಬಟ್ಟೆ ಎಂದು ಅವಳಿಗೆ ಗೊತ್ತಾಗಿತ್ತು.

“ನಿಧಾನಕ್ಕೆ ಮಾಡು. ಅವಸರ ಇಲ್ಲ.”

ಎರಡು ವಾರ ಅವಳು ಆ ಬಟ್ಟೆಯ ಜೊತೆ ಒದ್ದಾಡಿದಳು. ಕತ್ತರಿ ತಪ್ಪಿತು ಎಂದು ಹೇಳಿ ಹಾಳು ಮಾಡಿಬಿಡಲೇ ಎಂದುಕೊಂಡಳು. ಮೆಷಿನ್ನಿಗೆ ಎಣ್ಣೆ ಸೋರಿಸಲೇ ಎಂದುಕೊಂಡಳು. ಆದರೆ ನಲವತ್ತು ವರ್ಷ ಪಳಗಿದ ಕೈ, ಬೇಕೆಂದರೂ ತಪ್ಪು ಕತ್ತರಿಸಲಿಲ್ಲ. ಬಗ್ಗಿಸುವ ಇಳಿಸುವ ಯಾವ ಉಪಾಯವೂ ಇಲ್ಲದೆ, ನೆಟ್ಟಗಿನ ಮೈಗೆ ನೆಟ್ಟಗೆ ಹೊಲಿದಳು. ಅಷ್ಟು ಒಳ್ಳೆಯ ಶರ್ಟನ್ನು ಅವಳು ಹೊಲಿದಿರಲಿಲ್ಲ. ಗುಂಡಿ ಹಾಕುವಾಗ ಅತ್ತಳು, ಕಣ್ಣೊರೆಸಿಕೊಂಡು ಮತ್ತೆ ಹಾಕಿದಳು.

ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತು ನೋಡಿ ಶಟರನ್ನು ಅರ್ಧ ಎಳೆದಳು.

“ಹಾಕ್ಕೊಂಡು ನೋಡಿ.”

“ನಾನ್ಯಾಕೆ? ಅದು ಆ ಹುಡುಗಂದು—”

“ರೀ, ಸಾಕು. ಆ ಹುಡುಗನ ಜೊತೆ ಮೂವತ್ತೆಂಟು ವರ್ಷ ಸಂಸಾರ ಮಾಡಿದೀನಿ.”

ಅವನು ಕೋಲು ಹಿಡಿದು ನಿಂತೇ ಇದ್ದ. ಆಮೇಲೆ ಕೋಲನ್ನು ಗೋಡೆಗೆ ಒರಗಿಸಿದ, ಕನ್ನಡಕ ತೆಗೆದಿಟ್ಟ, ಬೆನ್ನು ನೆಟ್ಟಗೆ ಮಾಡಿದ.

“ಯಾವಾಗಿಂದ ಗೊತ್ತು?”

“ಇಪ್ಪತ್ತಾರು ವರ್ಷದಿಂದ. ನಿಮ್ಮ ಶರ್ಟಿನ ಬೆನ್ನು ನೋಡ್ಕೊಳ್ಳಿ. ನಿಮ್ಮ ಮುದಿತನದಲ್ಲಿ ಮುಕ್ಕಾಲು ಪಾಲು ನಾನು ಹೊಲಿದದ್ದು. ನಿಮ್ಮ ಕುಂಟಾಟ ನಂಬ್ಕೊಂಡಿದ್ರೆ ಯಾವತ್ತೋ ಸಿಕ್ಕಿಬೀಳ್ತಿದ್ರಿ.”

ಅವನಿಗೆ ನಗು ಬಂತು, ನಗುತ್ತಿರುವಾಗಲೇ ಮುಖ ಸೊಟ್ಟಗಾಯಿತು. ಹೇಗೆ ಹೀಗಾಯಿತು, ಯಾಕೆ ತನಗೊಬ್ಬನಿಗೇ ಆಯಿತು ಎಂಬುದು ಅವನಿಗೂ ತಿಳಿದಿರಲಿಲ್ಲ. ಕೇಳಿದ್ದಕ್ಕೆಲ್ಲ ಮುಚ್ಚುಮರೆಯಿಲ್ಲದೆ ಹೇಳಿದ. ಅವಳಿಗಿಂತ ಮುಂಚೆ ನಾಲ್ಕು ಮದುವೆಯಾಗಿತ್ತಂತೆ.

“ಅವರೆಲ್ಲ ಹೇಗೆ ಹೋದ್ರು?”

“ಗೊತ್ತಿಲ್ಲ.”

“ಗೊತ್ತಿಲ್ಲ ಅಂದ್ರೆ?”

“ಅದಕ್ಕೆ ಮುಂಚೇನೇ ನಾನು ಹೊರಟುಬಿಡ್ತಿದ್ದೆ. ನೋಡೋಕಾಗಲ್ಲ ಕಣೇ. ಒಂದು ಸಾವೂ ನೋಡಿಲ್ಲ ನಾನು.”

ಟೈಲರಮ್ಮನಿಗೆ ಮೈಯೆಲ್ಲ ಉರಿಯಿತು. ಕಂಡಿರದ ಆ ನಾಲ್ವರು ಹೆಂಗಸರ ಮೇಲೆ, ಸವತಿಯರಾದರೂ, ಒಡಹುಟ್ಟಿದವರ ಮೇಲೆ ಬರುವಂಥ ಸಂಕಟ ಬಂತು.

“ಅಂದ್ರೆ ನಾಲ್ಕು ಜನ ನೀವು ಬರ್ತೀರಿ ಅಂತ ಕಾಯ್ತಾ ಸತ್ತಿದಾರೆ. ಐದನೆಯವಳು ನಾನು. ದಿನಾ ಮೆಟ್ಟಿಲು ಹತ್ತುವಾಗ ನಿಮ್ಮ ಚಪ್ಪಲಿ ಇದೆಯಾ ಅಂತ ನೋಡ್ತೀನ್ರೀ. ನನಗೆ ಬೇರೇನೂ ಬೇಡ. ಒಬ್ಬಳೇ ಸಾಯೋದು ಬೇಡ, ಅಷ್ಟೇ.”

“ಪ್ರಯತ್ನ ಮಾಡ್ತೀನಿ,” ಎಂದ.

“ನಾನೂ ಗಿರಾಕಿಗಳಿಗೆ ಹಾಗೇ ಹೇಳೋದು. ಶನಿವಾರ ಕೊಡೋಕೆ ಪ್ರಯತ್ನ ಮಾಡ್ತೀನಿ ಅಂತ,” ಎಂದು ಅವಳು ಶರ್ಟಿಗೆ ಇಸ್ತ್ರಿ ಹಾಕಿ, ಮಡಿಸಿ, ಅವನ ಕೈಗೇ ಕೊಟ್ಟಳು. ಹಿಡಿದಿಟ್ಟುಕೊಂಡ ಗಂಡ ಅವಳಿಗೆ ಬೇಕಿರಲಿಲ್ಲ.

ಎಂಟು ತಿಂಗಳು ಅವನು ಇದ್ದ. ಒಂದು ಬೆಳಿಗ್ಗೆ ಅವಳಿಗೆ ಮಾತ್ರೆ ತಿಂದರೂ ಉಸಿರು ಹಿಡಿದುಕೊಂಡು, ತುಟಿ ನೀಲಿಯಾಗಿ, ಅರ್ಧ ಗಂಟೆ ಮಾತು ಬರಲಿಲ್ಲ. ಸರಿಹೋದ ಮೇಲೆ ಕಣ್ಣು ಮುಚ್ಚಿ ಮಲಗಿದಳು. ಎದ್ದು ನೋಡಿದರೆ ಅವನೂ ಇಲ್ಲ, ಹೊಸ ಬಟ್ಟೆಯೂ ಇಲ್ಲ, ಚಪ್ಪಲಿಯೂ ಇಲ್ಲ. ಟೈಲರಮ್ಮ ಅಡುಗೆಮನೆಯ ನೆಲದ ಮೇಲೆ ಕೂತಳು. ಬೈಯಲೂ ಶಕ್ತಿಯಿರಲಿಲ್ಲ. ಆಗೇ ಹೋಯಿತು, ಐದಾಯಿತು ಎಂದುಕೊಂಡಳು.

ಮಧ್ಯಾಹ್ನ ಎರಡಕ್ಕೆ ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಮೂವತ್ತರ ಗಂಡಸು, ಕಪ್ಪು ತಲೆ, ನೆಟ್ಟಗಿನ ಬೆನ್ನು. ಶರ್ಟು ಅವನಿಗೆ ಹೇಳಿ ಮಾಡಿಸಿದಂತಿತ್ತು. ಇಷ್ಟು ಚೆಂದವಿದ್ದನೇ ಇವನು ಎಂದು ಅವಳಿಗೆ ಆ ದುಃಖದಲ್ಲೂ ಅನ್ನಿಸಿತು.

“ಬಸ್ಸು ಸಿಗಲಿಲ್ಲ,” ಎಂದ.

“ಬೆಳಗಿಂದ ಒಂದೂ ಇಲ್ವಾ?”

“ಹನ್ನೊಂದು ಹೋದವು.”

ಅವಳು ಮತ್ತೇನೂ ಕೇಳಲಿಲ್ಲ. ಅವನು ಟೀ ಮಾಡಿದ, ಸಕ್ಕರೆ ಹಾಕುವುದನ್ನು ಮರೆತ, ಇಬ್ಬರೂ ಹಾಗೆಯೇ ಕುಡಿದರು.

ಆದರೆ ಅವನು ಬಂದದ್ದನ್ನು ಬೀದಿಯವರು ನೋಡಿದ್ದರು. ಎದುರು ಮನೆಯಾಕೆ ಸಂಜೆಯೇ ಬಂದು ವಿಚಾರಿಸಿದಳು. ಟೈಲರಮ್ಮ ನಿಂತ ನಿಲುವಿನಲ್ಲೇ ಕಥೆ ಕಟ್ಟಿದಳು: ಅಜ್ಜ ತಮ್ಮನ ಮನೆಗೆ ಹೋಗಿದ್ದಾರೆ, ಕಾಲು ಸರಿಹೋದ ಮೇಲೆ ಬರುತ್ತಾರೆ, ಇವನು ನಮ್ಮ ಅಕ್ಕನ ಮಗ, ನೋಡಿಕೊಳ್ಳಲು ಬಂದಿದ್ದಾನೆ. ಮತ್ತೆ ಅಜ್ಜನ ವೇಷ ಕಟ್ಟಲು ಅವನಿಗೆ ಪುರುಸೊತ್ತೂ ಆಗಲಿಲ್ಲ. ತಲೆಗೆ ಬಿಳಿ ಹಚ್ಚಲು, ಮುಖಕ್ಕೆ ಸುಕ್ಕು ಎಳೆಯಲು ಬೆಳಿಗ್ಗೆ ಮುಕ್ಕಾಲು ಗಂಟೆ ಬೇಕು, ಅಷ್ಟು ಹೊತ್ತು ಅವಳನ್ನು ಬಿಟ್ಟಿರುವ ಹಾಗಿರಲಿಲ್ಲ. ಅವಳಿಗೆ ಮುಖ ಒರೆಸುತ್ತಿದ್ದ, ಗಂಜಿ ಕುಡಿಸುತ್ತಿದ್ದ, ಬೆನ್ನಿಗೆ ದಿಂಬು ಕೊಟ್ಟು ಕೂರಿಸುತ್ತಿದ್ದ. ಬಂದವರೆಲ್ಲ, “ಅಕ್ಕನ ಮಗ ಆದ್ರೂ ಹೊಟ್ಟೇಲಿ ಹುಟ್ಟಿದ ಮಗನ ಹಾಗೆ ನೋಡ್ಕೊಳ್ತಾನೆ” ಎಂದು ಹೊಗಳಿ ಹೋಗುತ್ತಿದ್ದರು. ಅವಳಿಗೆ ಅದು ತಮಾಷೆ. ಅವನಿಗೆ ಪ್ರತಿ ಸಲವೂ ಮುಖ ಸಪ್ಪಗಾಗುತ್ತಿತ್ತು. “ಸುಮ್ಮನಿರಿ, ನಿಮ್ಮ ಮುಂದಿನ ದಾರಿಗೆ ಒಳ್ಳೇದು” ಎಂದು ಅವಳೇ ಸಮಾಧಾನ ಹೇಳುತ್ತಿದ್ದಳು. ಇಷ್ಟಿದ್ದೂ ಕೊನೆಯ ಹೊತ್ತಿಗೆ ಇವನು ನಿಲ್ಲುತ್ತಾನೆಯೇ ಎಂಬ ಅಳುಕು ಅವಳನ್ನು ಬಿಟ್ಟಿರಲಿಲ್ಲ. ಹನ್ನೊಂದು ಬಸ್ಸು ಬಿಟ್ಟವನು ಹನ್ನೆರಡನೆಯದನ್ನು ಹತ್ತಲಾರ ಎಂದು ಯಾರು ಹೇಳಬೇಕು.

ಹಾಸಿಗೆ ಹಿಡಿದು ಆರು ವಾರವಾದ ಮೇಲೆ ಒಂದು ದಿನ ಮಧ್ಯಾಹ್ನ ಆಸ್ಪತ್ರೆಯಿಂದ ಹೊಸ ನರ್ಸ್ ಬಂದಳು. ನಾಡಿ ನೋಡಿದಳು, ಪಾದ ಮುಟ್ಟಿ ನೋಡಿದಳು, ಅವು ತಣ್ಣಗಾಗಿದ್ದವು. ಚೀಲದಿಂದ ಫಾರಂ ತೆಗೆದು, ಮಂಚದ ಪಕ್ಕ ನಿಂತಿದ್ದವನನ್ನು ಕೇಳಿದಳು.

“ನೀವು ಇವರಿಗೆ ಏನಾಗಬೇಕು?”

ಟೈಲರಮ್ಮ ಕಷ್ಟದಿಂದ ಬಾಯಿ ತೆರೆದಳು. “ಅಕ್ಕನ...”

“ಗಂಡ,” ಎಂದ ಅವನು. “ನಾನು ಇವಳ ಗಂಡ. ಮದುವೆಯಾಗಿ ಮೂವತ್ತೊಂಬತ್ತು ವರ್ಷ ಆಯ್ತು.”

ನರ್ಸ್ ಅವನ ಕಪ್ಪು ಕೂದಲು ನೋಡಿದಳು, ಸುಕ್ಕಿಲ್ಲದ ಮುಖ ನೋಡಿದಳು. ಪೆನ್ನು ಗಾಳಿಯಲ್ಲೇ ನಿಂತಿತು. ಆಮೇಲೆ ಹಾಸಿಗೆಯ ಕಡೆ ಬಗ್ಗಿ, “ಹೌದೇನಮ್ಮಾ?” ಎಂದು ಮೆಲ್ಲಗೆ ಕೇಳಿದಳು.

ಅವನು ಈ ಮಾತನ್ನು ಈ ನರ್ಸಿಗೆ ಮುಂಚೆ ಯಾರ ಎದುರಿಗೂ ಹೀಗೆ ಬರಿಮುಖದಲ್ಲಿ ಆಡಿರಲಾರ ಎಂದು ಟೈಲರಮ್ಮನಿಗೆ ಗೊತ್ತಿತ್ತು. ಮುಂದೆ ಯಾರು ಏನೆಂದುಕೊಳ್ಳುತ್ತಾರೋ, ಎಲ್ಲಿ ಏನಾಗುತ್ತದೋ ಎಂದು ಅವನು ಯೋಚಿಸಿರಲಿಲ್ಲ. ಅವಳಿಗೆ ಎಂದೂ ಆಗದಷ್ಟು ಸಂತೋಷವಾಯಿತು.

“ಹೌದು,” ಎಂದಳು. “ನನ್ನ ಯಜಮಾನರು.”

ನರ್ಸ್ ಬರೆದುಕೊಂಡಳು. ಈ ಕೆಲಸದಲ್ಲಿ ಏನೇನೋ ನೋಡಿದವಳಿರಬೇಕು, ಮತ್ತೆ ಪ್ರಶ್ನೆ ಕೇಳಲಿಲ್ಲ. ಫಾರಂ ಮಡಿಸಿ ಅವನಿಗೆ ತಗ್ಗಿದ ದನಿಯಲ್ಲಿ ಹೇಳಿದಳು:

“ಇನ್ನು ತುಂಬ ಹೊತ್ತಿಲ್ಲ. ಎಲ್ಲರಿಗೂ ನೋಡೋಕಾಗಲ್ಲ, ಅದರಲ್ಲಿ ತಪ್ಪೇನಿಲ್ಲ. ನೀವು ಬೇಕಾದ್ರೆ ಕೆಳಗೆ ಹೋಗಿರಿ, ನಾನು ಇವರ ಹತ್ತಿರ ಇರ್ತೀನಿ.”

ಅವನ ಕೈ ಅವಳ ಕೈಯೊಳಗಿತ್ತು. ಅವನು ಅದನ್ನು ಬಿಡಿಸಿಕೊಳ್ಳಲಿಲ್ಲ.

“ಬೇಡ,” ಎಂದ. “ನೀವು ಹೊರಡಿ. ನಾನಿರ್ತೀನಿ.”

ಟೈಲರಮ್ಮ ಅದನ್ನು ಕೇಳಿಸಿಕೊಂಡಳು.