ಅಕ್ಕೋರ ನೆಲದ ಅರಿವೆ

ಎದುರುಮನೆ ಅಕ್ಕೋರ ಸೀರೆಯ ಅಂಚಿಗೆ ಸದಾ ಕಬ್ಬಿನ ರವದಿಯ ಚೂರು ಅಂಟಿಕೊಂಡಿರುತ್ತಿತ್ತು. ಆ ಒಣ ಗರಿಗಳು ಬ್ಲೇಡಿನಷ್ಟು ಚೂಪು. ಮೊಣಕೈವರೆಗೆ ಗೀರು, ಗೀರಿನ ಮೇಲೆ ಅರಿಶಿನ. ಸಾಲೆಯಿಂದ ನಿವೃತ್ತರಾದ ಮೇಲೂ ವಿಜಯಪುರದ ನಮ್ಮ ಓಣಿಗೆಲ್ಲ ಅವರು ಅಕ್ಕೋರೇ. ಅವರ ಸಿಟ್ಟಿಗಂತೂ ನಿವೃತ್ತಿ ಇರಲೇ ಇಲ್ಲ.

ಅವರ ಹೂವಿನ ಮಡಿಗಳಲ್ಲಿ ಮಣ್ಣು ಕಾಣುತ್ತಿರಲಿಲ್ಲ. ಕೆಳಗೆ ಬೇವಿನ ಒಣ ಎಲೆ, ಮೇಲೆ ರವದಿಯ ಹೊದಿಕೆ. ಗಿಡದ ಸುತ್ತ ಅಂಗೈಯಗಲ ಮಾತ್ರ ಖಾಲಿ. ಅಲ್ಲಿ ಮುಚ್ಚಿದರೆ ಬೊಡ್ಡೆ ಕೊಳೆಯುತ್ತದೆ. ಜೋಳದ ಒಣದಂಟು, ಕಣಿಕೆ ಬೇಡವೇ ಬೇಡ, ಗೆದ್ದಲು ಹತ್ತುತ್ತದೆ. ಮಳೆಯಾದ ಮರುದಿನ ಕೋಲಿನಿಂದ ಎಲ್ಲ ಎಬ್ಬಿಸಿ ಗಾಳಿಯಾಡಿಸುತ್ತಿದ್ದರು.

ಮೂಲೆಮನೆಯ ಸಾಹೇಬರು ಒಮ್ಮೆ, "ಏನ್ರಿ ಅಕ್ಕೋರ, ಅಂಗಳಾ ತಿಪ್ಪಿ ಮಾಡೀರಲ್ರಿ" ಎಂದು ನಕ್ಕರು.

"ತಿಪ್ಪಿ ಅಲ್ರಿ, ನೆಲದ ಅರಿವಿ ಅದು. ನಿಮ್ಮ ಅಂಗಳದ ಫರಸಿಗಲ್ಲಿನ ಮ್ಯಾಲ ಮಧ್ಯಾಹ್ನ ಬರಿಗಾಲಲೇ ನಿಂದರ್ರಿ, ಆಮ್ಯಾಲ ಮಾತಾಡೂಣು!"

ಸಾಹೇಬರು ಆಮೇಲೆ ಆ ದಾರಿ ಹಿಡಿಯಲಿಲ್ಲ.

ಆಗ ನಾನು ಈ ಓಣಿಗೆ ಹೊಸ ಸೊಸೆ. ಅತ್ತೆ ಏನೇ ಅಂದರೂ ನುಂಗಿಕೊಂಡು, ಅಂಗಳದ ಮಲ್ಲಿಗೆಗೆ ನೀರು ಹಾಕುತ್ತಾ ಅಳುತ್ತಿದ್ದೆ. ನೀರು ಹಾಕಿದರೂ ಗಿಡ ಒಣಗುತ್ತಿತ್ತು, ಎರೆಮಣ್ಣು ಬಿರಿಯುತ್ತಿತ್ತು. ಅಕ್ಕೋರು ಗೇಟು ತಳ್ಳಿಕೊಂಡು ಬಂದವರೇ ಗದರಿದರು: "ನೀರ ಹಾಕಿ ಏನ್ ಮಾಡ್ತಿ ಬೇ? ನೆಲಾನ ಬತ್ತಲೆ ನಿಲ್ಲಿಸೀಯಲ್ಲ ಬಿಸಲಾಗ! ಅಳಬ್ಯಾಡ, ಸಿಟ್ಟಿಗೇಳು. ನಡಿ ನನ್ನ ಕೂಡ."

ಸ್ಕೂಟಿಯ ಹಿಂದೆ ಕೂರಿಸಿಕೊಂಡು ಬಬಲೇಶ್ವರದ ಕಡೆ ಕರೆದೊಯ್ದರು. ಕಬ್ಬು ಕಟಾವಾದ ಹೊಲದಲ್ಲಿ ರವದಿಗೆ ಬೆಂಕಿ ಹಚ್ಚಲು ಒಬ್ಬ ಕಡ್ಡಿಪೆಟ್ಟಿಗೆ ತೆಗೆದಿದ್ದ. ಅಕ್ಕೋರು ಅದನ್ನು ಕಸಿದುಕೊಂಡರು. "ನೆಲದ ಮೈಮ್ಯಾಲಿನ ಅರಿವಿ ಸುಡ್ತೀಯೇನೋ? ನಿನಗ ಬ್ಯಾಡಾದ್ರ ನಮಗ ಕೊಡು!" ಅವನೇ ಚೀಲ ತುಂಬಿಕೊಟ್ಟ. ಆ ಬೇಸಿಗೆಯಲ್ಲಿ ನನ್ನ ಮಲ್ಲಿಗೆ ಬುಡಕ್ಕೆ ರವದಿ ಹೊದ್ದು ಚಿಗುರಿತು. ಅತ್ತೆಗೆ ನಾನು ಮೊದಲ ಸಲ ಎದುರು ಮಾತಾಡಿದ್ದೂ ಅದೇ ಬೇಸಿಗೆಯಲ್ಲಿ.

ಈ ವರ್ಷ ಬಿಸಿಲು ಏರುವ ಹೊತ್ತಿಗೆ ಅಕ್ಕೋರು ತೀರಿಕೊಂಡರು. ಮಣ್ಣು ಮುಗಿಸಿ ಬಂದ ಮರುದಿನ ಬೆಳಿಗ್ಗೆ ಹೊಗೆ ವಾಸನೆ ಬಂತು. ಹೊರಗೆ ಬಂದು ನೋಡಿದರೆ ಅವರ ಮಗ ಮಡಿಗಳನ್ನೆಲ್ಲ ಕಸಬರಿಗೆ ಹಚ್ಚಿ ಗುಡಿಸಿ, ರವದಿಯನ್ನು ಗೇಟಿನ ಬಳಿ ಗುಡ್ಡೆ ಹಾಕಿ ಸುಡುತ್ತಿದ್ದ.

"ಏನಿದು?" ಎಂದು ಚೀರಿದೆ.

"ಮಾತಾಡ್ಸಾಕ ಮಂದಿ ಬರ್ತಾರಲ್ರಿ ಕಾಕೂ. ಅಂಗಳಾ ಸ್ವಚ್ಛ ಕಾಣಬೇಕಲ್ಲ?"

ತಾಯಿಯ ಹೆಣಕ್ಕೆ ಹೊಸ ಸೀರೆ ಹೊದಿಸಿದ ಕೈ ಅದೇ! ಸೇವಂತಿಗೆ ಸಸಿಗಳು ಬರಿಮಣ್ಣಿನಲ್ಲಿ ಆಗಲೇ ಬಾಡತೊಡಗಿದ್ದವು. ಬಬಲೇಶ್ವರದ ಹೊಲಗಳಿಗೆ ಹೋದರೂ ಸಿಗುವುದು ರವದಿ ಸುಟ್ಟ ಬೂದಿಯೇ. ಈಗ ತಡೆಯುವವರು ಯಾರಿದ್ದಾರೆ?

ಮನೆಗೆ ಬಂದು ನನ್ನ ಮಲ್ಲಿಗೆಯ ಬುಡದ ಹೊದಿಕೆಯನ್ನೆಲ್ಲ ಬುಟ್ಟಿಗೆ ಬಳಿದೆ. ಮಾತಾಡಿಸಲು ಬಂದವರು ಅಕ್ಕೋರ ಅಂಗಳದಲ್ಲಿ ಕುರ್ಚಿಗಳಲ್ಲಿ ಕೂತಿದ್ದರು. ಅವರ ನಡುವೆಯೇ ನುಗ್ಗಿ ಮಡಿಯ ಮೇಲೆ ಹರಡಿದೆ.

"ಕಾಕೂ, ಇಂಥಾ ಹೊತ್ತಿನ್ಯಾಗ ಕಸಾ ತರಬ್ಯಾಡ್ರಿ" ಎಂದ ಮಗ, ಕಸಬರಿಗೆ ಎತ್ತಿಕೊಂಡು.

"ಕಸಾ ಅಲ್ಲಲೇ, ನಿಮ್ಮವ್ವನ ನೆಲದ ಅರಿವಿ! ಕೈ ಹಚ್ಚಿ ನೋಡು!"

ಕುರ್ಚಿಗಳಲ್ಲಿದ್ದವರೆಲ್ಲ ತಿರುಗಿ ನೋಡಿದರು. ಆ ದನಿ ಅಕ್ಕೋರದೇ ಆಗಿತ್ತು. ಮಗ ಕಸಬರಿಗೆ ಕೆಳಗಿಟ್ಟ.