ನಾಲ್ಕೂವರೆಯ ಬ್ಯಾಕಪ್

ಕಂಪ್ಯೂಟರ್ ರಿಪೇರಿ ಮಾಡುವವನಿಗೆ ತಾಳ್ಮೆ ಬೇಕು ಎನ್ನುತ್ತಾರೆ. ನನಗೆ ಇಲ್ಲ. ಮೂಡುಬಿದಿರೆಯ ನನ್ನ ಅಂಗಡಿಗೆ ಫೋನ್ ಬಂದರೆ ಮೊದಲು ಗೊಣಗುತ್ತೇನೆ, ಆಮೇಲೆ ಹೊರಡುತ್ತೇನೆ. ಅಂದು ಫೋನ್ ಮಾಡಿದವರು ಸಿದ್ಧಕಟ್ಟೆಯ ಆಚೆ ಇರುವ ಒಂದು ಯಕ್ಷಗಾನ ಮೇಳದ ಕಚೇರಿಯ ಅಕ್ಕ. ವಾಮದಪದವಿನಿಂದ ದಿನಾ ಬಸ್ಸಿನಲ್ಲಿ ಬಂದು ಹನ್ನೊಂದು ವರ್ಷದಿಂದ ಆ ಕಚೇರಿಯನ್ನು ಒಬ್ಬರೇ ನಡೆಸುತ್ತಿದ್ದರು.

"ಸರ್ವರ್ ಆನ್ ಆಗುವುದಿಲ್ಲ. ಟಿಕ್ ಟಿಕ್ ಅಂತ ಶಬ್ದ ಮಾತ್ರ ಉಂಟು" ಎಂದರು.

ಹೋಗಿ ನೋಡಿದರೆ ಒಳಗಿನ ಡಿಸ್ಕ್ ಸತ್ತಿತ್ತು. ಅದರಲ್ಲಿದ್ದದ್ದು ಹರಕೆ ಆಟಗಳ ಪಟ್ಟಿ. ನಮ್ಮಲ್ಲಿ ಮಗು ಹುಟ್ಟಿದರೆ, ಕಾಯಿಲೆ ಗುಣವಾದರೆ ಮನೆಯಂಗಳದಲ್ಲಿ ಯಕ್ಷಗಾನದ ಆಟ ಆಡಿಸುತ್ತೇವೆಂದು ಹರಕೆ ಹೊತ್ತುಕೊಳ್ಳುತ್ತಾರೆ, ಸರದಿಗಾಗಿ ವರ್ಷಗಟ್ಟಲೆ ಕಾಯುತ್ತಾರೆ. ಯಾರ ನಂತರ ಯಾರು ಎಂಬುದು ಆ ಪಟ್ಟಿಯಲ್ಲಿತ್ತು. ನಾನು ಹೆದರಲಿಲ್ಲ. ಎರಡು ವರ್ಷದ ಹಿಂದೆ, ದಿನವೂ ಹೊರಗಿನ ಡಿಸ್ಕಿಗೆ ತಾನಾಗಿ ಬ್ಯಾಕಪ್ ಆಗುವಂತೆ ಮಾಡಿಟ್ಟವನು ನಾನೇ. ಕೊನೆಯ ಏಳು ದಿನಗಳ ಪ್ರತಿ ಅದರಲ್ಲಿರುತ್ತಿತ್ತು.

ಹೊಸ ಡಿಸ್ಕ್ ಹಾಕಿ, ನಿನ್ನೆಯ ಪ್ರತಿಯನ್ನು ರಿಸ್ಟೋರ್ ಮಾಡಹೊರಟೆ. ಅರ್ಧಕ್ಕೆ ನಿಂತು, ಫೈಲ್ ಅಪೂರ್ಣ ಎಂದಿತು. ಮೊನ್ನೆಯದೂ ಹಾಗೆ, ಆಚೆ ಮೊನ್ನೆಯದೂ ಹಾಗೆ. ಏಳೂ ಅರ್ಧಂಬರ್ಧ. ಎರಡು ವರ್ಷದಲ್ಲಿ ಒಮ್ಮೆಯಾದರೂ ತೆರೆದು ಪರೀಕ್ಷಿಸಿದ್ದೆನೇ? ಇಲ್ಲ. ಶುದ್ಧ ಸೋಮಾರಿತನ.

ಬ್ಯಾಕಪ್ ಶುರುವಾಗುವುದು ಸಂಜೆ ನಾಲ್ಕೂವರೆಗೆ. ಮುಗಿಯಲು ಅರ್ಧ ಗಂಟೆ ಬೇಕು. ಆ ಹೊತ್ತಿಗೆ ಏನು ಮಾಡುತ್ತೀರಿ ಎಂದು ಅಕ್ಕನನ್ನು ಕೇಳಿದೆ.

"ಈ ವಾರ ದಿನಾ ಗುಡುಗಲ್ಲವಾ? ಗುಡುಗಿದ ಕೂಡಲೇ ಎಲ್ಲದರ ಪ್ಲಗ್ ತೆಗೆದಿದ್ದೇನೆ."

ಮೇ ಕೊನೆಯ ಪತ್ತನಾಜೆಗೆ ಮೇಳ ಗೆಜ್ಜೆ ಬಿಚ್ಚಿ ಆ ವರ್ಷದ ತಿರುಗಾಟ ಮುಗಿಸುವ ಮೊದಲಿನ ವಾರ ಅದು. ಆ ದಿನಗಳಲ್ಲಿ ಸಂಜೆಯಾದರೆ ಸಿಡಿಲು, ಸಿಡಿಲೆಂದರೆ ಪ್ಲಗ್ ಕೀಳುವುದು. ನಮ್ಮೂರಿನ ಪ್ರತಿ ಮನೆಯ ಕ್ರಮ ಇದು. ಇಲ್ಲಿಯೇ ಹುಟ್ಟಿ ಬೆಳೆದ ನಾನು, ಬುದ್ಧಿವಂತ, ಬ್ಯಾಕಪ್ಪಿಗೆ ಅದೇ ಹೊತ್ತನ್ನು ಇಟ್ಟಿದ್ದೆ. ಸಾಲದ್ದಕ್ಕೆ ಹಿಂದೊಮ್ಮೆ ಸಿಡಿಲಿಗೆ ಮೋಡೆಮ್ ಸುಟ್ಟಾಗ, ಒಂದು ಪ್ಲಗ್ಗನ್ನೂ ಬಿಡಬಾರದೆಂದು ಅಕ್ಕನಿಗೆ ಬೈದು ಹೇಳಿದವನೂ ನಾನೇ.

ಅಷ್ಟರಲ್ಲಿ ಮೇಳ ನಡೆಸುವ ದೇವಸ್ಥಾನದ ಮೊಕ್ತೇಸರರು ಬಂದರು. ಬ್ಯಾಕಪ್ ಯಾಕೆ ಹಾಳಾಯಿತು ಎಂದು ಕೇಳಿದರು.

"ನಡುವೆ ಪ್ಲಗ್ ತೆಗೆದದ್ದರಿಂದ" ಎಂದೆ. ಅಷ್ಟೇ ಹೇಳಿದೆ.

ಅವರು ಅಕ್ಕನ ಕಡೆ ತಿರುಗಿದರು. ಅಕ್ಕ ನನ್ನನ್ನು ಒಮ್ಮೆ ನೋಡಿ, "ಹೌದು, ತೆಗೆದದ್ದು ನಾನೇ" ಎಂದರು.

"ಗೊತ್ತಾಗದಿದ್ದರೆ ಕೇಳಬೇಕಿತ್ತು. ಇನ್ನು ಪತ್ತನಾಜೆ ಕಳೆದ ಮೇಲೆ ಕಚೇರಿಗೆ ಬೇರೆ ಯಾರನ್ನಾದರೂ ನೋಡುವ" ಎಂದರು ಮೊಕ್ತೇಸರರು.

ಲ್ಯಾಪ್‌ಟಾಪ್ ತರುವ ನೆಪದಲ್ಲಿ ಅಂಗಳಕ್ಕೆ ಹೋದೆ. ಬೈಕಿನ ಹತ್ತಿರ ಸುಮ್ಮನೆ ನಿಂತೆ. ನಾಚಿಕೆಯಾಯಿತು, ಇಷ್ಟು ಹೊತ್ತು ಬಾಯಿ ಬಿಡದ ನನ್ನ ಮೇಲೆಯೇ ಸಿಟ್ಟೂ ಬಂತು. ಒಳಗೆ ಹೋಗಿ ನಿಂತಲ್ಲೇ ಹೇಳಿಬಿಟ್ಟೆ.

"ತೆಗೆಯಲಿಕ್ಕೆ ಹೇಳಿದ್ದು ನಾನು. ಅದೇ ಹೊತ್ತಿಗೆ ಬ್ಯಾಕಪ್ ಇಟ್ಟದ್ದೂ ನಾನು. ಅಕ್ಕನ ತಪ್ಪು ಏನೂ ಇಲ್ಲ."

ಬೈಗುಳಕ್ಕೆ ಸಿದ್ಧನಾಗಿದ್ದೆ. ಮೊಕ್ತೇಸರರು ನಕ್ಕರು. "ಇರಲಿ ಮಾರಾಯ್ರೆ, ತಪ್ಪು ಯಾರಿಗೆ ಆಗುವುದಿಲ್ಲ? ಹಾಗಾದರೆ ಕಚೇರಿಗೆ ಇವರೇ ಇರಲಿ. ಚಾ ಕುಡಿದು ಕೆಲಸ ಮಾಡಿ" ಎಂದು, ಎದುರಿನ ಹೋಟೆಲಿನಿಂದ ನನಗೊಂದು ಚಾ ಹೇಳಿ ಹೊರಟುಹೋದರು.

ಯುಗಾದಿ ಹೊತ್ತಿಗೆ ರಿಪೇರಿಗೆಂದು ಬಂದಾಗ ತೆಗೆದ ಪೂರ್ತಿ ಪ್ರತಿಯೊಂದು ನನ್ನ ಲ್ಯಾಪ್‌ಟಾಪಿನಲ್ಲಿತ್ತು. ಅದು ಸರಿಯಾಗಿ ಕೂತಿತು. ಆಮೇಲೆ ಬಂದ ಹರಕೆಯ ಅರ್ಜಿಗಳನ್ನೆಲ್ಲ ಬಂದ ಕ್ರಮದಲ್ಲೇ ಅಕ್ಕ ಕಾಗದದ ಫೈಲಿಗೆ ಹಾಕಿಟ್ಟಿದ್ದರು, ಒಂದೂ ತಪ್ಪಿರಲಿಲ್ಲ. ನಾನು ಓದುತ್ತಾ ಹೋದೆ, ಅವರು ಟೈಪ್ ಮಾಡುತ್ತಾ ಹೋದರು. ನೆರಿಯ ಗ್ರಾಮದ ಒಂದು ಮನೆಯವರ ಅರ್ಜಿ ಮುಗಿದಾಗ ಅವರ ಕೈ ನಿಂತಿತು.

"ನನ್ನ ತಪ್ಪು ಅಂತ ಇದ್ದಾಗ ಕೆಲಸ ಹೋಗುವುದರಲ್ಲಿತ್ತು" ಎಂದರು, ಸಿಟ್ಟಿಲ್ಲದೆ. "ನಿಮ್ಮದು ಅಂತ ಆದ ಮೇಲೆ ಚಾ ಬಂತು."

ನಾನು ಮುಂದಿನ ಅರ್ಜಿ ಓದಿದೆ.